ಸಿನಿಮಾ ಕಥೆಯಲ್ಲಿ ಅಡತಿ ಅಂಗಡಿ ಯಾಕಿಲ್ಲ?



ಸಿನಿಮಾ ನೋಡಿ ಬಂದ ಹುಡುಗರು ಕಟ್ಟೆಯ ಮೇಲೆ ಕೂತು ಕಥೆ ಹೇಳುವುದನ್ನು ನೀವೂ ಕೇಳಿದ್ದೀರಿ. ಊರಿಗೊಬ್ಬ ಕೆಟ್ಟ ಗೌಡ, ಅವನ ಹಿಂದೆ ನಾಲ್ಕು ಮಂದಿ ಗೂಂಡಾಗಳು, ಎದುರಿಗೆ ಒಬ್ಬ ಹೀರೋ. ಹೀರೋ ಗೌಡನನ್ನು ಬಡಿದ, ರೈತರ ಕಷ್ಟ ಹರಿಯಿತು, ಟಾಕೀಸಿನ ದೀಪ ಹತ್ತಿತು. ಹೊಡೆದಾಟದಿಂದ ತೊಗರಿ ಬೆಲೆ ಏರುವುದಾದರೆ ನಾವೆಲ್ಲ ಎಂದೋ ಗರಡಿಮನೆ ಸೇರುತ್ತಿದ್ದೆವು ನೋಡ್ರಿ!

"ಬಂಗಾರದ ಮನುಷ್ಯ"ವನ್ನು ನಾನು ಹೀಗಳೆಯುವುದಿಲ್ಲ. ಟಿ.ಕೆ. ರಾಮರಾಯರ ಕಾದಂಬರಿಯನ್ನು ಸಿದ್ದಲಿಂಗಯ್ಯನವರು 1972ರಲ್ಲಿ ತೆರೆಗೆ ತಂದರು. ರಾಜಕುಮಾರ್ ಬಂಜರು ಭೂಮಿ ಹದ ಮಾಡಿದ್ದನ್ನು ನೋಡಿ, ಬೇಸಾಯ ಕೀಳಲ್ಲ ಎಂದು ಓದಿದ ಹುಡುಗರಿಗೂ ಅನ್ನಿಸಿತು. ಅದು ಸಣ್ಣ ಮಾತಲ್ಲ. ಆದರೆ ಕಥೆಯ ತಳಪಾಯ ಏನು? ಮೈಮುರಿದು ದುಡಿದವನ ಮನೆಗೆ ಲಕ್ಷ್ಮಿ ಬರುತ್ತಾಳೆ ಎಂಬುದು. ಕಥೆ ಬರೆಯುವವರಲ್ಲಿ ಬಹಳ ಮಂದಿ ಇನ್ನೂ ಅದರ ಮೇಲೆಯೇ ಗೋಡೆ ಎಬ್ಬಿಸುತ್ತಿದ್ದಾರೆ.

ನಮ್ಮ ಕಥೆ ಕೇಳ್ರಿ. 2015ರಲ್ಲಿ ಬರ, ಪೇಟೆಯಲ್ಲಿ ತೊಗರಿ ಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿತು. 2016ರಲ್ಲಿ ಮಳೆ ಆಯಿತು, ಬೆಲೆ ನಂಬಿ ಬಿತ್ತಿದೆವು. ಅದೇ ಜುಲೈ ತಿಂಗಳಲ್ಲಿ ದಿಲ್ಲಿ ಸರಕಾರ ಮೊಜಾಂಬಿಕ್ ದೇಶದಿಂದ ಬೇಳೆಕಾಳು ತರಿಸುವ ಒಪ್ಪಂದಕ್ಕೆ ಸಹಿ ಹಾಕಿತು. ರಾಶಿ ಮುಗಿಸಿ ಹೋದಾಗ, ಬೆಂಬಲ ಬೆಲೆ ಕ್ವಿಂಟಲಿಗೆ 5050 ರೂಪಾಯಿ ಎಂದು ಕಾಗದದ ಮೇಲಿತ್ತು. ಪೇಟೆ ಅದಕ್ಕಿಂತ ಕೆಳಗಿತ್ತು. ಖರೀದಿ ಕೇಂದ್ರದ ಮುಂದೆ ಪಾಳಿ. ಬಡ್ಡಿ ಮಾತ್ರ ಪಾಳಿ ಹಚ್ಚದೆ ಮನೆಗೆ ಬರುತ್ತದೆ.

ಹೆಚ್ಚು ಬೆಳೆದದ್ದೇ ತಪ್ಪಾದ ಈ ಕಥೆಯಲ್ಲಿ ಖಳನಾಯಕ ಯಾರು? ಅವನಿಗೆ ಮೀಸೆಯಿಲ್ಲ, ಬಂದೂಕಿಲ್ಲ. ಒಂದು ಸಹಿ, ಒಂದು ದರಪಟ್ಟಿ, ಅಷ್ಟೇ. ಮುಖವಿಲ್ಲದವನನ್ನು ತೋರಿಸುವುದು ಹ್ಯಾಂಗ ಎಂದು ಕಥೆಗಾರ ಕೈಬಿಡುತ್ತಾನೆ, ಊರ ಗೌಡನನ್ನು ತಂದು ನಿಲ್ಲಿಸುತ್ತಾನೆ. (ನಮ್ಮಲ್ಲಿ ಕೆಟ್ಟ ಗೌಡರಿಲ್ಲ ಎಂದು ಸುಳ್ಳು ಹೇಳಲಾರೆ.)

ಮನಸ್ಸಿದ್ದವರು ತೋರಿಸಿದ್ದಾರೆ. "ತಿಥಿ" ಚಿತ್ರಕ್ಕೆ ಈರೇಗೌಡರು, ರಾಮ್ ರೆಡ್ಡಿಯವರು ಮಂಡ್ಯ ಸೀಮೆಯ ಹಳ್ಳಿಯ ಜನರನ್ನೇ ಪಾತ್ರ ಮಾಡಿಕೊಂಡು, ಅವರ ನಡೆನುಡಿಯ ಮೇಲೆ ಕಥೆ ಹೆಣೆದರು. ಜಮೀನಿನ ಕಾಗದಪತ್ರವೇ ಅಲ್ಲಿ ಕಥೆಯ ಗಂಟು. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊದಲ್ಲಿ ಅದಕ್ಕೆ ಬಹುಮಾನ ಬಂತು. ಅದಕ್ಕೂ ಮೊದಲು, 1976ರಲ್ಲಿ, ಗುಜರಾತಿನ 5 ಲಕ್ಷ ಹಾಲು ಉತ್ಪಾದಕರು ತಲಾ 2 ರೂಪಾಯಿ ಹಾಕಿ "ಮಂಥನ್" ತೆಗೆಸಿದರು. ನಿರ್ದೇಶಕರು ಶ್ಯಾಮ್ ಬೆನೆಗಲ್. ದನದ ಡಾಕ್ಟರು ನಮ್ಮ ಗಿರೀಶ ಕಾರ್ನಾಡರು. ಹಾಲಿನ ದರ, ಸೊಸೈಟಿ ಚುನಾವಣೆ, ಇವೇ ಕಥೆ. ಜನ ಕುರ್ಚಿ ಬಿಟ್ಟು ಎದ್ದು ಹೋಗಲಿಲ್ಲ.

ಕಥೆ ಹುಡುಕುವವರಿಗೆ ನನ್ನದೊಂದು ಮಾತು. ಹೀರೋನನ್ನು ಮೊದಲೇ ಆರಿಸಿಕೊಂಡು ಬರಬೇಡ್ರಿ. ರಾಶಿ ಕಾಲದಲ್ಲಿ ಕಲಬುರಗಿ ಪೇಟೆಗೆ ಬಂದು ಅಡತಿ ಅಂಗಡಿ ಮುಂದೆ ಒಂದು ದಿನ ಕೂಡ್ರಿ. ಹಮಾಲಿ, ಮುಂಗಡ, ಬಡ್ಡಿ ಕಳೆದು ರೈತನ ಕೈಗೆ ಬಂದ ಚೀಟಿ ಓದಿ. ಅದೇ ತೊಗರಿ ನಮ್ಮ ಕಪನೂರಿನ ದಾಲ್ ಮಿಲ್ಲಿನಿಂದ ಬೇಳೆಯಾಗಿ ಯಾವ ದರಕ್ಕೆ ಹೊರಟಿತು, ಅದನ್ನೂ ಬರೆದುಕೊಳ್ಳಿ. ಆ ಎರಡು ದರಗಳ ನಡುವೆ ಎರಡೂವರೆ ತಾಸಿನ ಕಥೆ ಅದ.

ಬಂಧುಗಳೇ, ಬಂದವರಿಗೆ ಹಸಿರು ಹೊಲ ತೋರಿಸಿ ಕಳಿಸಬೇಡಿ. ಚಹಾ ಕೊಟ್ಟು ಕೂಡ್ರಿಸಿ, ಹಳೇ ಚೀಟಿಗಳನ್ನೂ ಬ್ಯಾಂಕಿನ ನೋಟೀಸನ್ನೂ ಟ್ರಂಕಿನಿಂದ ತೆಗೆದು ಮುಂದಿಡಿ.