ಟ್ರಂಕಿನೊಳಗಿನ ಕಾಗದ
ಆಲಮಟ್ಟಿ ಅಣೆಕಟ್ಟೆಗೆ ಲಾಲ್ ಬಹಾದ್ದೂರ್ ಶಾಸ್ತ್ರಿಯವರು 1964ರಲ್ಲಿ ಅಡಿಗಲ್ಲಿಟ್ಟ ಮೇಲೆ ಈ ಭಾಗದ ಎಷ್ಟೋ ಮನೆತನಗಳ ಬಾಳು ಕಾಗದದ ಮೇಲೆ ನಿಂತಿತು: ಮುಳುಗಡೆಯ ನೋಟಿಸು, ಪರಿಹಾರದ ಆದೇಶ, ಪುನರ್ವಸತಿ ಜಾಗದ ಹಕ್ಕುಪತ್ರ. ಬಹುಪಾಲು ಗಂಡಸಿನ ಹೆಸರಿಗೇ. ಆತ ತೀರಿಕೊಂಡ ವಾರದಲ್ಲಿ ತಗಡಿನ ಟ್ರಂಕು ತೆರೆದು, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ಪಾಸ್‌ಬುಕ್ಕು ಹಿಡಿದು ‘ಇದರಾಗ ಏನೈತಿ, ಓದಿ ಹೇಳಪಾ’ ಎಂದು ಶಾಲೆಗೆ ಹೋಗುವ ಮಗನ ಮುಂದೆ ಕೂತ ತಾಯಿಯನ್ನು ಕಂಡಿದ್ದೇನೆ. ಆ ಪಾಸ್‌ಬುಕ್ಕನ್ನು ಸಾಲು ಸಾಲಾಗಿ ಓದಬೇಕು. ವರ್ಷಕ್ಕೊಮ್ಮೆ 436 ರೂಪಾಯಿ ಕಡಿತವಾಗಿದ್ದರೆ ಅದು ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆಯ ಕಂತಿರಬಹುದು. ಚಾಲ್ತಿಯಲ್ಲಿದ್ದರೆ 2 ಲಕ್ಷ ಬರಬೇಕು. ಕೇಳದಿದ್ದರೆ ಯಾರೂ ತಾವಾಗಿ ತಂದುಕೊಡುವುದಿಲ್ಲ. ಮರಣವನ್ನು 21 ದಿನದೊಳಗೆ ನೋಂದಾಯಿಸಿ, ವಂಶವೃಕ್ಷ ಮಾಡಿಸಿ, ಪಹಣಿಗೆ ಪೌತಿ ಖಾತೆಯ ಅರ್ಜಿ ಕೊಡಬೇಕು. ಉಯಿಲಿಲ್ಲದಿದ್ದರೆ ಗಂಡನ ಸ್ವಯಾರ್ಜಿತ ಆಸ್ತಿಯಲ್ಲಿ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಹೆಂಡತಿ, ಮಗ, ಮಗಳು, ಆತನ ತಾಯಿ ಎಲ್ಲರಿಗೂ ಸಮಪಾಲು. ಹೀಗೆ ಮಕ್ಕಳಿಗೆ ಬಂದ ಪಾಲನ್ನು, ಅವರಿಗೆ 18 ತುಂಬುವವರೆಗೆ, ಕೋರ್ಟಿನ ಅನುಮತಿಯಿಲ್ಲದೆ ತಾಯಿಯೂ ಮಾರುವಂತಿಲ್ಲ. ಅವಸರದಲ್ಲಿರುವ ತಾಯಿಗೆ ಇದು ತೊಡಕೆನಿಸೀತು, ನನಗಂತೂ ಇದು ಮಕ್ಕಳ ಹೊಲಕ್ಕೆ ಹಾಕಿದ ಒಡ್ಡು. ‘ಅಂಗೂಠಾ ಹಚ್ಚವ್ವಾ, ಉಳಿದದ್ದು ನಾವು ನೋಡ್ಕೋತೀವಿ’ ಎನ್ನುವ ಬಂಧುಗಳು ಮೂರನೆಯ ದಿನಕ್ಕೇ ಬರುತ್ತಾರೆ. ದುಃಖ ಆರುವವರೆಗೆ ಅವರು ತಂದ ಯಾವ ಕಾಗದಕ್ಕೂ ಹೆಬ್ಬೆಟ್ಟು ಬೇಡ. ಗಂಡ ಹೆಂಡತಿ ಇಬ್ಬರೂ ಇರುವಾಗಲೇ ಒಂದು ಸಂಜೆ, ಊಟಕ್ಕೆ ಮುಂಚೆ, ಆ ಟ್ರಂಕನ್ನು ನಡುಮನೆಗೆ ತಂದು ಬಿಚ್ಚಿ.