ಗೃಹೋಪಯೋಗ: ಹಳೆಯ ಪೆಟ್ಟಿಗೆಗೆ ಹೊಸ ಕಿಂಡಿ

ಪುತ್ತೂರು, ಸುಳ್ಯ, ಕಡಬದ ಕಡೆಗಳಲ್ಲಿ ಹಳೆಯ ಕಂಪ್ಯೂಟರು ಇಂದಿಗೂ ತೋಟದ ಲೆಕ್ಕಕ್ಕೂ ಮಕ್ಕಳ ಪಾಠಕ್ಕೂ ಒದಗುವ ಮನೆಗಳುಂಟು. 2014ರಲ್ಲಿ ರೂಪುಗೊಂಡ ಟೈಪ್-ಸಿ ಎಂಬ ಯುಎಸ್‌ಬಿ ಕಿಂಡಿಯು ಈಗಿನ ಹೆಚ್ಚಿನ ಹೊಸ ಫೋನುಗಳಲ್ಲಿದೆ. ಹಳೆಯ ಪೆಟ್ಟಿಗೆಯ ಮುಂಭಾಗದಲ್ಲಿ ಅದಿಲ್ಲ. ಇದೊಂದಕ್ಕಾಗಿ ಯಂತ್ರವನ್ನೇ ಮಾರತಕ್ಕದ್ದಲ್ಲವೆಂದು ನಮ್ಮ ಅಭಿಪ್ರಾಯ.

ಕಿಂಡಿಯನ್ನು ಕೊಳ್ಳುವ ಮೊದಲು ಒಳಗಿನ ಮದರ್‌ಬೋರ್ಡನ್ನು ಪರೀಕ್ಷಿಸತಕ್ಕದ್ದು. ಅದರಲ್ಲಿ 19 ಪಿನ್ನುಗಳ ಯುಎಸ್‌ಬಿ 3 ಜೋಡಣೆಯಿದ್ದರೆ ಸೆಕೆಂಡಿಗೆ 5 ಗಿಗಾಬಿಟ್ ವೇಗವು ದೊರೆಯುವುದು. 9 ಪಿನ್ನುಗಳದು ಮಾತ್ರವಿದ್ದರೆ ಕಿಂಡಿ ಹೊಸದಾದರೂ ವೇಗ ಹಳೆಯದೇ, 480 ಮೆಗಾಬಿಟ್. ಅಂಥಲ್ಲಿ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡೊಂದನ್ನು ಕೂರಿಸಬೇಕಾಗುವುದು. ಸಿ.ಡಿ. ಡ್ರೈವಿಗೆಂದು ಬಿಟ್ಟ 5.25 ಅಂಗುಲದ ಸ್ಥಳವು ಬರಿದಾಗಿದ್ದರೆ ಕಿಂಡಿಯ ಫಲಕವನ್ನು ಅಲ್ಲಿಯೇ ಬಿಗಿಯಬಹುದು. ಪೆಟ್ಟಿಗೆಯನ್ನು ಕೊರೆಯುವ ಕಷ್ಟವಿಲ್ಲ.

ಕೆಲಸಕ್ಕೆ ಕೈಯಿಡುವ ಮೊದಲು ಗೋಡೆಯ ಪ್ಲಗ್ಗನ್ನು ಕಳಚಿ, ಪೆಟ್ಟಿಗೆಯ ಬಣ್ಣವಿಲ್ಲದ ಲೋಹವನ್ನು ಮುಟ್ಟಿ, ಮೈಯಲ್ಲಿನ ಸ್ಥಿರವಿದ್ಯುತ್ತನ್ನು ಇಳಿಸಿಕೊಳ್ಳತಕ್ಕದ್ದು. ಜೋಡಣೆಯ 20 ಸ್ಥಾನಗಳಲ್ಲಿ ಒಂದು ಬರಿದಾಗಿರುವುದು. ಆ ಗುರುತಿಗೆ ಸರಿಯಾಗಿ ಹಿಡಿದು ನೇರವಾಗಿ ಒತ್ತಬೇಕು. ಓರೆಯಾಗಿ ಒತ್ತಿದರೆ ಪಿನ್ನುಗಳು ಬಾಗುವುವು.

ಇಂತಹ ಕಿಂಡಿಯಿಂದ ಫೋನು ಶೀಘ್ರವಾಗಿ ಚಾರ್ಜಾಗುವುದೆಂದು ನಂಬಲಾಗದು. ಸಿಡಿಲು ಮಿಂಚುಗಳ ಹೊತ್ತಿನಲ್ಲಂತೂ ಫೋನನ್ನು ಅದಕ್ಕೆ ತಗುಲಿಸಿಡಬಾರದು. ಅದರ ನಿಜವಾದ ಪ್ರಯೋಜನವು ಬೇರೆ: ಫೋನಿನಲ್ಲಿ ಮಾತ್ರವೇ ಇರುವ ಮದುವೆಯ ಚಿತ್ರಗಳನ್ನೂ ಜಮೀನಿನ ಪತ್ರಗಳ ಪ್ರತಿಗಳನ್ನೂ ಕಂಪ್ಯೂಟರಿನಲ್ಲಿ ಇನ್ನೊಮ್ಮೆ ಇರಿಸಿಕೊಳ್ಳಬಹುದು. ಫೋನು ಹೊಳೆಯ ಪಾಲಾದ ದಿನ ಆ ಪ್ರತಿಯ ಬೆಲೆಯು ಮನೆಮಂದಿಗೆಲ್ಲ ತಿಳಿಯುವುದು.