ಚಿನ್ನ ಕೊಟ್ಟು ಕಳುಹಿಸಿದವನು ಕೋರ್ಟಿಗೆ ಬರುವುದಿಲ್ಲ

ಮಂಗಳೂರು ವಿಮಾನ ನಿಲ್ದಾಣದಲ್ಲಿ ಚಿನ್ನ ಸಿಕ್ಕಿತು ಎಂಬ ಪ್ರಕಟಣೆ ವಾಟ್ಸಾಪಿಗೆ ಬಂದರೆ ನಮ್ಮಂಥ ವರದಿಗಾರರು ಮಾಡುವ ಕೆಲಸ ಇಷ್ಟೇ: ದುಬೈಯಿಂದ ಬಂದ ಪ್ರಯಾಣಿಕ, ಪೇಸ್ಟ್ ಮಾಡಿದ ಚಿನ್ನ, ಇಷ್ಟು ಗ್ರಾಂ, ಇಷ್ಟು ಲಕ್ಷ. ನಾಲ್ಕು ಸಾಲು, ಒಂದು ಫೋಟೊ. ಆಮೇಲೆ ಆ ಪ್ರಯಾಣಿಕ ಏನಾದ ಎಂದು ನಾವೂ ಕೇಳುವುದಿಲ್ಲ, ನೀವೂ ಕೇಳುವುದಿಲ್ಲ.

ಮೊನ್ನೆ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಗಲ್ಫಿಗೆ ಹೊರಟಿದ್ದ ಹುಡುಗನೊಬ್ಬ ಕೇಳಿದ: "ಸಿಕ್ಕಿಬಿದ್ರೆ ಚಿನ್ನ ಹೋಗ್ತದೆ, ದಂಡ ಕಟ್ಟಿದ್ರೆ ಮುಗೀತಲ್ಲ ಅಣ್ಣ?" ಅವನಿಗೆ ಯಾರೋ ಹಾಗೆ ಹೇಳಿಕೊಟ್ಟಿದ್ದಾರೆ. ಇದಕ್ಕೆ ಉತ್ತರ ಸುಪ್ರೀಂ ಕೋರ್ಟಿನಲ್ಲಿ 1953ರಲ್ಲೇ ಸಿಕ್ಕಿದೆ.

1949ರ ನವೆಂಬರ್ 6ರಂದು ಜೆದ್ದಾದಿಂದ ಬಂದ ಪ್ರಯಾಣಿಕನೊಬ್ಬ ಬೊಂಬಾಯಿಯ ಸಾಂತಾಕ್ರೂಜ್ ವಿಮಾನ ನಿಲ್ದಾಣದಲ್ಲಿ ಇಳಿದ. ತನ್ನ ಬಳಿ ಚಿನ್ನ ಇದೆ ಎಂದು ಹೇಳಲಿಲ್ಲ. ತಪಾಸಣೆ ಮಾಡಿದಾಗ 107.2 ತೊಲ ಸಿಕ್ಕಿತು, ಈಗಿನ ಲೆಕ್ಕದಲ್ಲಿ ಸುಮಾರು ಒಂದೂಕಾಲು ಕಿಲೋ. ಕಸ್ಟಮ್ಸಿನವರು ಅದನ್ನು ಮುಟ್ಟುಗೋಲು ಹಾಕಿಕೊಂಡರು. ಬೇಕಿದ್ದರೆ ನಾಲ್ಕು ತಿಂಗಳೊಳಗೆ 12,000 ರೂಪಾಯಿ ದಂಡ ಕಟ್ಟಿ ಬಿಡಿಸಿಕೊಳ್ಳಬಹುದು ಎಂದು ಮಾಲೀಕನಿಗೆ ಅವಕಾಶವನ್ನೂ ಕೊಟ್ಟರು. ಬಿಡಿಸಿಕೊಳ್ಳಲು ಯಾರೂ ಬರಲಿಲ್ಲ. ತೀರ್ಪಿನಲ್ಲೇ ಇರುವ ಮಾತಿದು.

ಅಲ್ಲಿಗೆ ಮುಗಿಯಲಿಲ್ಲ. 1950ರ ಮಾರ್ಚಿನಲ್ಲಿ ಅದೇ ಚಿನ್ನಕ್ಕಾಗಿ ಅವನ ಮೇಲೆ ವಿದೇಶಿ ವಿನಿಮಯ ಕಾಯ್ದೆಯಡಿ ಕ್ರಿಮಿನಲ್ ಕೇಸು ಬಿತ್ತು. ಸಂವಿಧಾನ ಜಾರಿಗೆ ಬಂದು ಎರಡು ತಿಂಗಳೂ ಆಗಿರಲಿಲ್ಲ. ಒಂದೇ ಅಪರಾಧಕ್ಕೆ ಎರಡು ಸಲ ವಿಚಾರಣೆ ನಡೆಸಿ ಶಿಕ್ಷೆ ಕೊಡಬಾರದು ಎನ್ನುವ 20(2)ನೇ ವಿಧಿ ಹಿಡಿದು ಅವನು ಹೈಕೋರ್ಟಿಗೆ ಹೋದ, ಅಲ್ಲಿ ಆಗದೆ ಸುಪ್ರೀಂ ಕೋರ್ಟಿಗೆ ಅಪೀಲು ಹೋದ. ಚಿನ್ನ ಕಳೆದುಕೊಂಡಿದ್ದೇನೆ, ಅದೇ ಶಿಕ್ಷೆ, ಇನ್ನೊಂದು ಯಾಕೆ ಎಂಬುದು ಅವನ ವಾದ. ನಮ್ಮ ಹೋಟೆಲಿನ ಹುಡುಗ ಕೇಳಿದ್ದೂ ಹೆಚ್ಚುಕಡಿಮೆ ಇದನ್ನೇ.

1953ರ ಏಪ್ರಿಲ್ 17ರಂದು ಅಪೀಲು ವಜಾ ಆಯಿತು. ನ್ಯಾಯಮೂರ್ತಿ ಎನ್.ಎಚ್. ಭಗವತಿ ಬರೆದ ತೀರ್ಪಿನ ಸಾರ ಇಷ್ಟು: ಕಸ್ಟಮ್ಸ್ ಅಧಿಕಾರಿ ಕೋರ್ಟ್ ಅಲ್ಲ. ಅವನು ಮುಟ್ಟುಗೋಲು ಹಾಕಿದರೆ ಅದು ಕೋರ್ಟಿನ ವಿಚಾರಣೆಯೂ ಅಲ್ಲ, ಕೋರ್ಟಿನ ಶಿಕ್ಷೆಯೂ ಅಲ್ಲ. ಹಾಗಾಗಿ ಕ್ರಿಮಿನಲ್ ಕೇಸು ನಡೆಯಬಹುದು. ಇವತ್ತಿಗೂ ದಾರಿ ಎರಡೇ. 1962ರ ಕಸ್ಟಮ್ಸ್ ಕಾಯ್ದೆಯಡಿ ಮುಟ್ಟುಗೋಲು, ದಂಡ ಒಂದು ಕಡೆ. ಅದೇ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ಕೋರ್ಟು ಇನ್ನೊಂದು ಕಡೆ, ಅಲ್ಲಿ ಮಾಲಿನ ಬೆಲೆ ನೋಡಿಕೊಂಡು 7 ವರ್ಷದವರೆಗೆ ಜೈಲು.

ಹುಡುಗರಿಗೆ ಗೊತ್ತಿಲ್ಲದ ಇನ್ನೆರಡು ಸಂಗತಿಗಳಿವೆ. ಕಳ್ಳಮಾಲು ಎಂಬ ಸಕಾರಣ ನಂಬಿಕೆಯಿಂದ ಚಿನ್ನ ಹಿಡಿದರೆ, ಅದು ಕಳ್ಳಮಾಲು ಅಲ್ಲ ಎಂದು ಸಾಬೀತು ಮಾಡುವ ಹೊರೆ 123ನೇ ಸೆಕ್ಷನ್ ಪ್ರಕಾರ ನಿಮ್ಮ ಮೇಲೆ. ಇನ್ನೊಂದು, ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ ಎಂದು ಸಿನಿಮಾ ನೋಡಿದವರಿಗೆಲ್ಲ ಗೊತ್ತು. ಆದರೆ ಕಸ್ಟಮ್ಸ್ ಅಧಿಕಾರಿ ಕಾನೂನಿನ ಕಣ್ಣಿಗೆ ಪೊಲೀಸ್ ಅಲ್ಲ. 108ನೇ ಸೆಕ್ಷನ್ ಅಡಿ ಅವರ ಮುಂದೆ ಬರೆದುಕೊಟ್ಟಿದ್ದು ಸಾಕ್ಷ್ಯವಾಗುತ್ತದೆ. ಬೆದರಿಸಿ ಬರೆಸಿಕೊಂಡರು ಎಂದು ಆಮೇಲೆ ಹೇಳಿದರೂ, ಅದು ಸ್ವಂತ ಇಚ್ಛೆಯಿಂದ ಕೊಟ್ಟಿದ್ದು, ನಿಜವಾದದ್ದು ಎಂದು ಕೋರ್ಟಿಗೆ ಅನಿಸಿದರೆ ಶಿಕ್ಷೆಗೆ ಆಧಾರವಾಗಬಹುದು. ಕೇರಳದ ಚಿನ್ನದ ಪ್ರಕರಣವೊಂದರ ಅಪೀಲಿನಲ್ಲಿ 1997ರಲ್ಲಿ ಸುಪ್ರೀಂ ಕೋರ್ಟ್ ಹೀಗೆಂದಿದೆ. ಅಲ್ಲಿ ಗಾಬರಿಯಲ್ಲಿ ಹಾಕಿದ ಒಂದು ಸಹಿ ವರ್ಷಗಟ್ಟಲೆ ಬೆನ್ನು ಬಿಡುವುದಿಲ್ಲ.

ಗೊತ್ತಿದ್ದೇ ತಂದವನ ಮೇಲೆ ಏನು ಕನಿಕರ ಎಂದು ನೀವು ಕೇಳಬಹುದು. ಒಪ್ಪುತ್ತೇವೆ. ಕಮಿಷನ್ ಆಸೆಗೆ, ಪುಕ್ಕಟೆ ಟಿಕೆಟ್ ಆಸೆಗೆ ತಂದವರಿಗೆ ಅದೇನೆಂದು ಚೆನ್ನಾಗಿಯೇ ಗೊತ್ತಿರುತ್ತದೆ. 1953ರ ತೀರ್ಪೂ ಕಾನೂನಿನ ಪ್ರಕಾರ ಸರಿಯೇ. ನಮ್ಮ ತಕರಾರು ಬೇರೆ. ಆ ಎರಡು ದಾರಿಗಳಲ್ಲಿ ನಡೆಯುವವನು ಹೊತ್ತು ತಂದವನೊಬ್ಬನೇ. ಅಲ್ಲಿ ಕೊಟ್ಟು ಕಳುಹಿಸಿದವನು, ಇಲ್ಲಿ ಗೇಟಿನ ಹೊರಗೆ ಕಾರು ಹಾಕಿಕೊಂಡು ಕಾದವನು ಎಲ್ಲಿ? ಕಾಯ್ದೆಯಲ್ಲಿ ಅವರಿಗೂ ಜಾಗ ಇದೆ: ಕುಮ್ಮಕ್ಕು ಕೊಟ್ಟವರಿಗೂ ದಂಡ ಹಾಕಲು 112ನೇ ಸೆಕ್ಷನ್, ವಿಚಾರಣೆಗೆ ಮೊದಲೇ ಬಂಧನದಲ್ಲಿಡಲು 1974ರ ಕಾಫಿಪೋಸಾ. ಆದರೂ ಪ್ರಕಟಣೆಗಳಲ್ಲಿ ನಮಗೆ ಕಾಣುವುದು ಬರೀ ಪ್ರಯಾಣಿಕ. 2025ರ ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ನಟಿಯೊಬ್ಬರ ಬಳಿ 14.2 ಕಿಲೋ ಸಿಕ್ಕಾಗ ವಾರಗಟ್ಟಲೆ ಸುದ್ದಿ ಮಾಡಿದೆವು. ಹಳ್ಳಿ ಹುಡುಗನ ಬಳಿ 300 ಗ್ರಾಂ ಸಿಕ್ಕರೆ ನಾಲ್ಕೇ ಸಾಲು, ಅವನ ಕೇಸಿನ ಗತಿ ಅವನ ತಾಯಿಗೆ ಮಾತ್ರ ಗೊತ್ತು.

2024ರ ಜುಲೈನಲ್ಲಿ ಚಿನ್ನದ ಆಮದು ಸುಂಕವನ್ನು ಶೇ 15ರಿಂದ ಶೇ 6ಕ್ಕೆ ಇಳಿಸಿದಾಗ ಕಳ್ಳಸಾಗಣೆಯ ಲಾಭ ಕಮ್ಮಿಯಾಯಿತು ಎಂದು ನಾವೂ ಬರೆದಿದ್ದೆವು. ಲಾಭ ಕಮ್ಮಿಯಾದರೆ ಹೊರುವವನ ಕಮಿಷನ್ ಕಮ್ಮಿಯಾಗಬಹುದು. ಜೈಲಿನ ವರ್ಷ ಕಮ್ಮಿಯಾಗಿಲ್ಲ.

ಹೋಟೆಲಿನ ಹುಡುಗನಿಗೆ ಇದನ್ನೆಲ್ಲ ಹೇಳಿದೆವು. ಒಂದು ವರ್ಷಕ್ಕಿಂತ ಹೆಚ್ಚು ಹೊರದೇಶದಲ್ಲಿದ್ದು ಬಂದರೆ ಗಂಡಸಿಗೆ 20 ಗ್ರಾಂ, ಹೆಂಗಸಿಗೆ 40 ಗ್ರಾಂ ಆಭರಣ ಸುಂಕವಿಲ್ಲದೆ ತರಬಹುದು, ಬಿಸ್ಕತ್ತಿಗೆ ಆ ರಿಯಾಯಿತಿ ಇಲ್ಲ ಎಂದೂ ಹೇಳಿದೆವು. ಜಾಸ್ತಿ ಇದ್ದರೆ ರೆಡ್ ಚಾನೆಲ್‌ಗೆ ಹೋಗಿ ಹೇಳು, ಸುಂಕ ಎಷ್ಟೆಂದು ಅವರೇ ಹೇಳುತ್ತಾರೆ ಎಂದೆವು. "ಊರಿನವರೇ ಒಂದು ಪೊಟ್ಟಣ ಕೊಟ್ರೆ ಬೇಡ ಅನ್ನೋದು ಹೇಗೆ ಅಣ್ಣ?" ಎಂದ. ಅದಕ್ಕೆ ನಮ್ಮ ಬಳಿ ಸೆಕ್ಷನ್ ಇರಲಿಲ್ಲ.

ಇನ್ನು ಮುಂದೆ ಪ್ರಕಟಣೆ ಬಂದಾಗ ನಾವು ಕಸ್ಟಮ್ಸಿನವರಿಗೆ ಫೋನ್ ಮಾಡಿ ಎರಡು ಪ್ರಶ್ನೆ ಕೇಳುತ್ತೇವೆ: ಕೊಟ್ಟವರು ಯಾರು, ತೆಗೆದುಕೊಳ್ಳಲು ಬಂದವರು ಯಾರು? ಉತ್ತರ ಬಾರದಿದ್ದರೆ ಬರಲಿಲ್ಲ ಎಂದೇ ಬರೆಯುತ್ತೇವೆ, ಐದನೇ ಸಾಲಾಗಿ.